ಸೀಗಿ ಹುಣ್ಣಿಮೆಯ ನಾಲ್ಕು ಸಾಲು

ಹೋದ ವರ್ಷ ಮಳೆಗಾಲದ ಕೊನೆಗೆ ನವಲಗುಂದಕ್ಕೆ ಹೊರಟಿದ್ದ ನಮ್ಮ ಬಸ್ಸು ಹಾದಿಯಲ್ಲೇ ಕೆಟ್ಟು ನಿಂತಿತು. ಇಳಿದು ರಸ್ತೆಯ ಬದಿಗೆ ನಿಂತೆವು. ಬಾಜೂ ಹೊಲದ ತುಂಬ ಹತ್ತಿ. ಮುಂಜಾನೆ ಒಂದು ಸಣ್ಣ ಮಳೆ ಬಂದು ಹೋಗಿ ಆಗಷ್ಟೇ ಬಿಸಿಲು ಬಿದ್ದಿತ್ತು. ತೊಯ್ದ ಹತ್ತಿ ಎಲೆಗೆ ಬಿಸಿಲು ತಾಗಿದರೆ ಒಂದು ನಮೂನೆಯ ಕಹಿ ವಾಸನೆ ಏಳುತ್ತದೆ. ಹತ್ತಿ ಹೊಲದಲ್ಲಿ ಬಗ್ಗಿ ದಿನ ಕಳೆದವರಿಗೆ ಮಾತ್ರ ಅದರ ಗುರುತು. ನಾನು ಎದೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕುಳಿತುಬಿಟ್ಟೆ. ಎಪ್ಪತ್ತು ದಾಟಿದವನು ಎದೆ ಹಿಡಿದು ಕುಳಿತರೆ ಜನ ಬೇರೆಯೇ ತಿಳಿಯುತ್ತಾರೆ. ಪಕ್ಕದ ಸೀಟಿನವರು ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟರು. ಕುಡಿದೆ.

ಕಿಸೆಯಲ್ಲಿ ಒಂದು ಹಾಳೆ ಇತ್ತು. ನನ್ನ ತಂಗಿಯ ಮಗ ನವಲಗುಂದದಲ್ಲಿ ಹೊಸದಾಗಿ ನೌಕರಿಗೆ ಸೇರಿದ ಹುಡುಗರಿಗೆ ತರಬೇತಿ ನಡೆಸುತ್ತಾನೆ. "ಮಾಮಾ, ಗ್ರಾಮಸೇವಕ ಆಗಿ ಸೇರಿ ಜಿಲ್ಲೆದ ಅಧಿಕಾರಿ ಆಗಿ ರಿಟೈರ್ ಆದವ್ರು ನೀವು. ನೌಕರಿಯೊಳಗ ಮ್ಯಾಲೆ ಬರ್ಲಿಕ್ಕೆ ಏನೇನು ಗುಣಾ ಬೇಕು ಅಂತ ಒಂದು ತಾಸು ಹೇಳ್ರಿ" ಎಂದು ಗಂಟು ಬಿದ್ದಿದ್ದ. ನಾನು ಬರೆದುಕೊಂಡಿದ್ದೆ: ಹೊತ್ತಿಗೆ ಸರಿಯಾಗಿ ಹೋಗುವುದು, ಚೆನ್ನಾಗಿ ಮಾತಾಡುವುದು, ಚೆನ್ನಾಗಿ ಬರೆಯುವುದು, ಮೇಲಿನವರ ಮನಸ್ಸು ತಿಳಿಯುವುದು. ನಾಲ್ಕೂ ನನ್ನಲ್ಲಿ ಬೇಕಾದಷ್ಟಿದ್ದವು. ಆ ದಿನ ತಡವಾಗಿ ಹೋಗಿ, ನಾಲ್ಕನ್ನೂ ಹೇಳಿ, ಚಪ್ಪಾಳೆ ಹೊಡೆಸಿಕೊಂಡು, ಶಾಲು ಹೊದ್ದುಕೊಂಡು ಬಂದೆ. ಬಂದಾಗಿನಿಂದ ಮನಸ್ಸು ನೆಟ್ಟಗಿಲ್ಲ.

ಯಾಕೆಂದರೆ, ಒಬ್ಬ ಕೆಲಸಗಾರನಿಗೆ ಬೇಕಾದ ಗುಣಗಳೆಲ್ಲ ಒಬ್ಬರಲ್ಲೇ ಕೂಡಿ ಬಂದದ್ದನ್ನು ನಾನು ನನ್ನ ಸರ್ವಿಸಿನಲ್ಲಿ ಒಂದೇ ಸಲ ನೋಡಿದ್ದು. ಅವಳು ಗಂಗವ್ವ. ಅಕ್ಷರ ಬರುತ್ತಿರಲಿಲ್ಲ. ಅವಳು ತೀರಿಕೊಂಡು ಬಹಳ ವರ್ಷವಾಯಿತೆಂದು ಕೇಳಿದ್ದೇನೆ. ಅವಳು ಮೇಲೆ ಬರಲಿಲ್ಲ. ಬಾರದಂತೆ ಮಾಡಿದವನು ನಾನು. ಇದನ್ನು ಆ ಹುಡುಗರೆದುರು ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಎಪ್ಪತ್ತರ ದಶಕ ಅರ್ಧ ದಾಟಿತ್ತು. ನನಗೆ ಇಪ್ಪತ್ಮೂರು ವರ್ಷ. ಧಾರವಾಡದಲ್ಲಿ ತರಬೇತಿ ಮುಗಿಸಿ, ಅಣ್ಣಿಗೇರಿಗೂ ನವಲಗುಂದಕ್ಕೂ ನಡುವಿನ ಒಂದು ಹಳ್ಳಿಗೆ ಗ್ರಾಮಸೇವಕನಾಗಿ ಹೋದೆ. ಊರಿನ ಹೆಸರು ಬೇಡ, ಅವರ ಮಂದಿ ಇನ್ನೂ ಅಲ್ಲಿದ್ದಾರೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಒಂದು ವರ್ಷದ ಕೆಲಸ ನೋಡಿ ಕಾಯಂ ಮಾಡುತ್ತಿದ್ದರು. ಆಗ ಆ ಕಪ್ಪು ಮಣ್ಣಿನ ಎರೆ ಹೊಲಗಳಿಗೆ ಕಾಲುವೆಯ ನೀರು ಹೊಸದು. ಜೋಳ, ಗೋಧಿ, ಜವಾರಿ ಹತ್ತಿ ಬಿಟ್ಟು ಬೇರೆ ಕಾಣದ ಊರಿನಲ್ಲಿ ಹೈಬ್ರಿಡ್ ಹತ್ತಿಯ ಬೀಜವನ್ನೇ ರೈತರ ಹೊಲದಲ್ಲಿ ಬೆಳೆಸಬೇಕೆಂದು ಮೇಲಿನಿಂದ ಅಪ್ಪಣೆ ಬಂತು. ಶಿವನಗೌಡರೆಂಬ ಹಿರಿಯರು ಕಾಲುವೆಯ ಬದಿಯ ಹತ್ತು ಗುಂಟೆ ಬಿಟ್ಟುಕೊಟ್ಟರು. ನನಗೆ ಇರಲು ತಮ್ಮ ಮನೆಯ ಪಡಸಾಲೆಯ ಬಾಜೂ ಕೋಣೆಯನ್ನೂ ಕೊಟ್ಟರು.

ಈ ಬೀಜದ ಕೆಲಸವನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಹೊಲದಲ್ಲಿ ತಾಯಿ ಗಿಡದ ಸಾಲು ಬೇರೆ, ತಂದೆ ಗಿಡದ ಸಾಲು ಬೇರೆ. ನಾಳೆ ಅರಳುವ ತಾಯಿ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಬುಡದಲ್ಲಿ ಗೀರಿ, ಪಕಳೆಯ ಸಮೇತ ಅದರ ಪುಡಿಯನ್ನೆಲ್ಲ ಒಂದೇ ತಿರುವಿಗೆ ಕಳಚಿ ತೆಗೆಯಬೇಕು. ನಡುವಿನ ಕಡ್ಡಿಗೆ ಪೆಟ್ಟಾಗಬಾರದು. ಮೇಲೆ ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು. ಮರುದಿನ ಮುಂಜಾನೆ ಟೊಪ್ಪಿಗೆ ತೆಗೆದು, ತಂದೆ ಗಿಡದ ಹೂ ತಂದು ಆ ಕಡ್ಡಿಗೆ ಸವರಿ, ತೊಟ್ಟಿಗೆ ದಾರ ಕಟ್ಟಬೇಕು. ದಾರವಿದ್ದ ಕಾಯಿ ಮಾತ್ರ ಬೀಜಕ್ಕೆ. ತಾಯಿ ಹೂವಿನಲ್ಲಿ ತನ್ನದೇ ಪುಡಿ ಸಾಸಿವೆಯಷ್ಟು ಉಳಿದರೂ ಅದು ತನಗೆ ತಾನೇ ಕೂಡಿಕೊಂಡು ಬಿಡುತ್ತದೆ. ಆಮೇಲೆ ಆ ಬೀಜ ಹೈಬ್ರಿಡ್ ಅಲ್ಲ. ಎರಡು ತಿಂಗಳು ದಿನಾಲೂ ಇದೇ ಕೆಲಸ.

ಗಂಗವ್ವ ಈ ಕೆಲಸವನ್ನು ಬೇರೆ ಕಡೆ ಎರಡು ಹಂಗಾಮು ಮಾಡಿ ಕಲಿತು ಬಂದವಳು. ನಲವತ್ತರ ಆಚೀಚೆಯ ವಯಸ್ಸು, ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಮೈದುನನ ಮನೆಯಲ್ಲಿ ಇದ್ದಳು. ಮೈದುನನ ಹೆಂಡತಿ ಕಸ್ತೂರಿ ಅವಳಿಗೆ ನೆಗೆಣ್ಣಿ. ಒಂದೇ ಒಲೆ, ಒಂದೇ ಬುಟ್ಟಿಯ ರೊಟ್ಟಿ. ಇಬ್ಬರೂ ಹೊಲದಲ್ಲಿ ಅಕ್ಕಪಕ್ಕದ ಸಾಲು ಹಿಡಿಯುತ್ತಿದ್ದರು. ನನಗಿಂತ ಹೆಚ್ಚುಕಮ್ಮಿ ಇಪ್ಪತ್ತು ವರ್ಷ ದೊಡ್ಡವಳಾದ ಗಂಗವ್ವನಿಗೆ ನಾನು 'ನೀ' ಅನ್ನುತ್ತಿದ್ದೆ, ಅವಳು ನನಗೆ 'ಸಾಹೇಬ್ರ' ಅನ್ನುತ್ತಿದ್ದಳು. ಆಗ ಅದು ಯಾರಿಗೂ ವಿಚಿತ್ರ ಅನಿಸುತ್ತಿರಲಿಲ್ಲ, ನನಗಂತೂ ಅಲ್ಲವೇ ಅಲ್ಲ.

ಹೆಣ್ಣಾಳುಗಳನ್ನು ಆರಿಸಿಕೊಳ್ಳುವ ಕೆಲಸ ಅವಳಿಗೇ ಬಿಟ್ಟಿದ್ದೆ. ಅವಳು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಬದುವಿನ ಮೇಲೆ ಕುಳಿತು, ಜಾಲಿ ಮುಳ್ಳು ಚುಚ್ಚಿಕೊಂಡ ಒಬ್ಬಳ ಪಾದವನ್ನು ಮುಂದೆ ಚಾಚಿಸಿ, "ತೆಗಿ ನೋಡೂಣು" ಅನ್ನುತ್ತಿದ್ದಳು. ಕೆಲವರು ಕೂಡಲೇ ಪಿನ್ನು ಹಾಕಿ ಕೆದಕುತ್ತಿದ್ದರು. ಕೆಲವರು ಮೊದಲು ಒರೆಸಿ, ಬೆರಳಿನಿಂದ ಒತ್ತಿ, ಮುಳ್ಳು ಯಾವ ಕಡೆ ಬಾಗಿದೆ ಅಂತ ನೋಡುತ್ತಿದ್ದರು. ನೋಡಿದವರಿಗೆ ಕೆಲಸ. ಕೆದಕಿದವರಿಗೆ, "ನೀ ಕಸಾ ತೆಗಿಯಾಕ ಬಾ ತಂಗೀ, ಇದು ಬ್ಯಾಡ" ಅನ್ನುತ್ತಿದ್ದಳು, ಆದರೆ ಅವರ ಮುಖ ಸಣ್ಣದಾಗದ ಹಾಗೆ. ಹೀಗೆ ಹನ್ನೆರಡು ಮಂದಿ ಕೂಡಿದರು.

ನಾನೂ ಒಂದು ದಿನ ಹುರುಪಿನಿಂದ ಹತ್ತು ಮೊಗ್ಗು ಕಳಚಿ ತೋರಿಸಿದೆ. ಗಂಗವ್ವ ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ನಕ್ಕಳು.

"ಸಾಹೇಬ್ರ, ನಿಮ್ಮ ಕೈಗೆ ಗಡಿಬಿಡಿ ಭಾಳ ಐತ್ರಿ. ಇದು ಬರಿಯೂ ಕೈ. ನೀವು ಬರೀರಿ, ನಾವು ಮಾಡ್ತೀವಿ."

ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಚುಚ್ಚಿತು. ಸರ್ಟಿಫಿಕೇಟು ನನ್ನ ಹತ್ತಿರ, ಶಹಬ್ಬಾಸಗಿರಿ ಅವಳಿಗೆ. ಆ ಸಿಟ್ಟು ಮನಸ್ಸಿನ ಒಂದು ಮೂಲೆಯಲ್ಲಿ ಕುಳಿತೇ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಆ ಹೊಲದಲ್ಲಿ ನಾನು ಕಂಡ ಇನ್ನೊಂದು ಸಂಗತಿ ಇದೆ. ಒಂದು ಸಂಜೆ ನಾನು ರಜಿಸ್ಟರು ಬರೆಯುತ್ತ ಕುಳಿತಾಗ ಗಂಗವ್ವ ಬಂದು ನಿಂತಳು. ಉಡಿಯಿಂದ ಒಂದು ಹಿಡಿ ಮೊಗ್ಗು ತೆಗೆದು ನನ್ನ ಮುಂದೆ ಸುರುವಿದಳು. ನಡುವಿನ ಕಡ್ಡಿ ಮುರಿದ ಮೊಗ್ಗುಗಳು.

"ಇವತ್ತ ನನ್ನ ಕೈಲೆ ಇಷ್ಟು ಹಾಳಾದೂವ್ರಿ. ಕಣ್ಣು ಬ್ಯಾರೆ ಕಡೆ ಇತ್ತು. ಬರಕೋರಿ."

"ಯಾರು ಕೇಳಿದ್ರು ನಿನಗ? ಒಗದು ಬಿಟ್ಟಿದ್ರ ಆಗ್ತಿತ್ತು" ಎಂದೆ.

"ನಾ ಹೇಳಲಿಲ್ಲಂದ್ರ ನಾಳೆ ಈ ಹನ್ನೆರಡು ಮಂದಿ ನಂಗ ಹೇಳಂಗಿಲ್ರಿ" ಅಂದು ಸೊಪ್ಪಿನ ಗಂಟು ತಲೆಯ ಮೇಲಿಟ್ಟುಕೊಂಡು ಹೋದಳು.

ನಾನು ಅದನ್ನು ಬರೆದುಕೊಳ್ಳಲಿಲ್ಲ. ರಜಿಸ್ಟರು ಚೆಂದ ಕಾಣಬೇಕಲ್ಲ. ನಮ್ಮ ಮೇಲಧಿಕಾರಿಗಳು ಹುಬ್ಬಳ್ಳಿಯಿಂದ ಜೀಪಿನಲ್ಲಿ ಬರುತ್ತಿದ್ದ ಹಿರಿಯರು. ಹೊಸಬರಿಗೆ ಬುದ್ಧಿ ಹೇಳುವುದೆಂದರೆ ಅವರಿಗೆ ಪ್ರೀತಿ. "ನೋಡಪಾ, ನೌಕರಿಯೊಳಗ ಮುಂದ ಬರಬೇಕಂದ್ರ ರಜಿಸ್ಟರಿನ್ಯಾಗ ಒಂದು ದಿನಾನೂ ಖಾಲಿ ಇರಬಾರ್ದು. ಖಾಲಿ ಇದ್ದಲ್ಲೆ ಪ್ರಶ್ನೆ ಏಳ್ತದ" ಎಂದಿದ್ದರು. ಅದನ್ನು ನಾನು ಮಂತ್ರದ ಹಾಗೆ ಹಿಡಿದುಕೊಂಡಿದ್ದೆ.

ಹತ್ತಿ ಹೂವಿನ ಭರ ಏರಿದಾಗ ಸೀಗಿ ಹುಣ್ಣಿಮೆ ಬಂತು. ನಮ್ಮ ಕಡೆ ಆ ದಿನ ನಿಂತ ಬೆಳೆಗೆ ಪೂಜೆ. ಹೊಲ ಬಸುರಿ ಅಂತ ಲೆಕ್ಕ, ಅವತ್ತು ಅದಕ್ಕೆ ಕುಬಸ, ಅಂದರೆ ಸೀಮಂತ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲು ಇಟ್ಟು ಸುಣ್ಣ ಹಚ್ಚಿ ಪೂಜಿಸಿ, ಅಡುಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚರಗ ಚೆಲ್ಲಿ, ಅಲ್ಲೇ ಉಂಡು ಬರುತ್ತಾರೆ. ಎರಡು ದಿನ ಮೊದಲೇ ಗಂಗವ್ವ ನನಗೆ ಹೇಳಿದಳು.

"ಹುಣ್ಣಿವಿ ದಿನಾ ಮುಂಜಾನಿ ಬಂದು ಗಂಡ ಹೂವಿನ ಪುಡಿ ಸವರಿ ಹೋಗ್ತೀವ್ರಿ. ಮಧ್ಯಾಹ್ನ ಮೊಗ್ಗು ಕಳಚೂದಿಲ್ಲ."

"ಯಾಕ?"

"ಕುಬಸಾ ಮಾಡೂ ದಿನಾ ಬಸುರಿ ಮೈಗೆ ಯಾರರೆ ಉಗುರು ಹಚ್ತಾರೇನ್ರಿ?"

"ಗಂಡ ಗಿಡದ ಹೂ ಕಿತ್ತರ ನಡೀತದೇನು ಹಂಗಾರ?"

"ಅದು ಗಂಡಸ್ರಿ, ಅದಕ್ಕೇನಾಗ್ತೈತಿ" ಎಂದು ಕಸ್ತೂರಿ ಹಿಂದಿನಿಂದ ಅಂದಳು. ಎಲ್ಲರೂ ನಕ್ಕರು.

ನಾನು ನಗಲಿಲ್ಲ. ಹುಣ್ಣಿಮೆಯ ಮರುದಿನ ಮೇಲಧಿಕಾರಿಗಳು ಬರುವವರಿದ್ದರು. ಹುಣ್ಣಿಮೆಯ ಮಧ್ಯಾಹ್ನ ಕೆಲಸ ನಿಂತರೆ ಮರುದಿನ ಮುಂಜಾನೆ ಹೊಲದಲ್ಲಿ ಒಂದು ಕೆಂಪು ಟೊಪ್ಪಿಗೆಯೂ ಇರುವುದಿಲ್ಲ. ರಜಿಸ್ಟರಿನಲ್ಲಿ ಒಂದು ದಿನ ಖಾಲಿ. ಗಂಗವ್ವನಿಗೆ ಅದಕ್ಕೂ ಉಪಾಯವಿತ್ತು. "ಮರುದಿನ ನಸುಕಿನ್ಯಾಗ ಬಂದು, ಅರಳಿದ್ದು ಅಷ್ಟೂ ಹೂ ಕಿತ್ತು ಒಗದು ಹೊಲಾ ಸ್ವಚ್ಛ ಮಾಡ್ತೀವ್ರಿ. ಒಂದ ದಿನದ ಹೂ ಹೋಕ್ಕಾವು, ಬೀಜ ಕೆಡಂಗಿಲ್ಲ. ಸಾಹೇಬ್ರು ಕೇಳಿದ್ರ ಹಬ್ಬ ಇತ್ತು ಅಂತ ನಾನs ಹೇಳ್ತೀನಿ" ಅಂದಳು. ಶಿವನಗೌಡರೂ ಅದನ್ನೇ ಅಂದರು. ಎಷ್ಟು ನೆಟ್ಟಗಿನ ಮಾತು! ಆಗ "ಆಗಲಿ" ಎಂದಿದ್ದರೆ ನಾನು ಇದನ್ನೆಲ್ಲ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಹುಣ್ಣಿಮೆಯ ದಿನ ಗೌಡರ ಮನೆಯವರ ಜೊತೆ ಹೊಲಕ್ಕೆ ಹೋಗಿ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಎಳ್ಳು ಹೋಳಿಗೆ, ಕಡುಬು ಎಲ್ಲ ಹೊಟ್ಟೆ ಬಿರಿಯುವ ಹಾಗೆ ಉಂಡೆ. ಗಂಗವ್ವನೂ ಕಸ್ತೂರಿಯೂ ಹತ್ತಿ ಸಾಲಿನ ಮೊದಲ ಗಿಡಕ್ಕೆ ಹಸಿರು ಕುಬಸದ ಕಣ ಉಡಿಸಿ, ಅರಿಷಿಣ ಕುಂಕುಮ ಹಚ್ಚಿ ಕೈ ಮುಗಿದರು. ಮಧ್ಯಾಹ್ನ ಎಲ್ಲರೂ ಚಕ್ಕಡಿ ಹತ್ತಿ ಊರ ಕಡೆ ಹೊರಟಾಗ "ನಾನು ಕಾಲುವೆ ನೋಡಿ ಬರ್ತೀನಿ" ಎಂದು ಉಳಿದೆ. ಚಕ್ಕಡಿಯ ಸಪ್ಪಳ ಮರೆಯಾದ ಮೇಲೆ, ಬದುವಿನ ಹತ್ತಿರದ ನಾಲ್ಕು ಸಾಲು ಹಿಡಿದು ನಾನೊಬ್ಬನೇ ಮೊಗ್ಗು ಕಳಚತೊಡಗಿದೆ. ಬರೆಯುವ ಕೈ ಏನು ಮಾಡಬಲ್ಲದು ಅಂತ ತೋರಿಸುವ ಹಟ. ಮೊದಮೊದಲು ಒಂದೊಂದನ್ನೂ ನೋಡಿ ಮಾಡಿದೆ. ಆಮೇಲೆ ಬೆನ್ನು ನೋಯತೊಡಗಿತು, ಹೊಟ್ಟೆ ಭಾರ, ಹೊತ್ತು ಇಳಿಯುತ್ತಿತ್ತು. ಸರಸರ ತಿರುವಿ ಟೊಪ್ಪಿಗೆ ಹಾಕುತ್ತ ಹೋದೆ. ಸಂಜೆಗೆ ನಾಲ್ಕು ಸಾಲಿನ ತುಂಬ ಕೆಂಪು ಕಾಗದ. ನೋಡಿ ಹೆಮ್ಮೆಪಟ್ಟೆ. ಕೋಣೆಗೆ ಬಂದು ರಜಿಸ್ಟರಿನಲ್ಲಿ 'ಎಂದಿನಂತೆ ಕೆಲಸ ನಡೆಯಿತು' ಎಂದು ದುಂಡಗಿನ ಅಕ್ಷರದಲ್ಲಿ ಬರೆದೆ.

ಮರುದಿನ ಮುಂಜಾನೆ ಗಂಗವ್ವ ಹೊಲಕ್ಕೆ ಬಂದವಳೇ ಕೆಂಪು ಟೊಪ್ಪಿಗೆಗಳನ್ನು ನೋಡಿ ನಿಂತುಬಿಟ್ಟಳು.

"ಯಾರ್ ಮಾಡಿದ್ರಿ ಇದನ್ನ?"

"ನಾನು."

"ಹಬ್ಬದ ದಿನಾ?" ಅಷ್ಟೇ ಅಂದಳು. ಮುಖದಲ್ಲಿ ಸಿಟ್ಟಿಗಿಂತ ಹೆಚ್ಚು ಸಂಕಟ ಇತ್ತು. ಬಗ್ಗಿ ಒಂದು ಟೊಪ್ಪಿಗೆ ತೆಗೆಯುವಷ್ಟರಲ್ಲಿ ಜೀಪು ಬಂತು. ಮೇಲಧಿಕಾರಿಗಳು ಇಳಿದವರೇ, "ಎಲ್ಲಿ, ಆ ಮೊಗ್ಗು ತೆಗಿಯೋ ಹೆಣ್ಮಗಳು ಎಲ್ಲಿದ್ದಾಳ? ಅಕೀ ಕೈ ನೋಡ್ಬೇಕು ನಾನು" ಎಂದರು. ಗಂಗವ್ವ ಕಸ್ತೂರಿಯ ಕಡೆ ತಿರುಗಿ, "ಆ ನಾಕೂ ಸಾಲು ನೀ ನೋಡು. ಚಲೋ ಇದ್ದೂವಕ್ಕಷ್ಟ ದಾರಾ ಕಟ್ಟು, ಉಳದದ್ದು ಕಿತ್ತೊಗಿ" ಎಂದು ಹೇಳಿ, ಮೊಗ್ಗು ಕಳಚಿ ತೋರಿಸಲು ಅವರ ಜೊತೆ ಹೊಲದ ಆಚೆ ತುದಿಗೆ ಹೋದಳು. ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ನಾನು ಕಸ್ತೂರಿಯ ಹತ್ತಿರವೇ ನಿಂತಿದ್ದೆ. ಅವಳು ಮೂರು ಟೊಪ್ಪಿಗೆ ತೆಗೆದಳು, ನಾಲ್ಕನೆಯದು ತೆಗೆದಳು, ನಿಂತಳು. ತಗ್ಗಿದ ದನಿಯಲ್ಲಿ ಅಂದಳು:

"ಸಾಹೇಬ್ರ, ಬುಡದಾಗ ಪುಡಿ ಉಳದೈತ್ರಿ. ಎಲ್ಲಾದಕ್ಕೂ ಹಂಗs ಐತಿ. ತಾವs ಕೂಡಿ ಬಿಟ್ಟಾವು. ಈ ನಾಕೂ ಸಾಲು ಕಿತ್ತು ಒಗೀತೀನ್ರಿ."

ನಾನೂ ನೋಡಿದೆ. ಹಳದಿ ಪುಡಿ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತಿತ್ತು. ಆಚೆ ತುದಿಯಿಂದ ಮೇಲಧಿಕಾರಿಗಳು ನಮ್ಮ ಕಡೆಗೇ ಬರುತ್ತಿದ್ದರು. ಅವರೆದುರಿಗೆ ನನ್ನ ನಾಲ್ಕು ಸಾಲನ್ನು ಒಬ್ಬ ಕೂಲಿ ಹೆಂಗಸು ಕಿತ್ತು ಬದುವಿಗೆ ಎಸೆಯುವುದು ನನಗೆ ಬೇಡವಾಗಿತ್ತು.

"ಕಟ್ಟು" ಅಂದೆ.

"ಅಕ್ಕ ಬೈತಾಳ್ರಿ."

"ನಾ ಹೇಳ್ತೀನಲ್ಲಾ. ದಾರಾ ಕಟ್ಟು. ಅಕೀಗೆ ಹೇಳೂದು ಬ್ಯಾಡ."

ಅವಳು ಕಟ್ಟಿದಳು. ಮೇಲಧಿಕಾರಿಗಳು ಬಂದು, ಸಾಲುಗಳನ್ನು ನೋಡಿ, ನನ್ನ ಬೆನ್ನು ತಟ್ಟಿದರು. ಗಂಗವ್ವನ ಕೈಯ ಕೆಲಸ ಅವರಿಗೆ ಬಹಳ ಹಿಡಿಸಿತ್ತು. ಎಲ್ಲರ ಎದುರಿಗೇ ಅಂದರು: "ನಮ್ಮ ಬೀಜದ ಫಾರ್ಮಿಗೆ ಒಬ್ಬ ಮೇಸ್ತ್ರಿ ಬೇಕಾಗ್ಯಾಳ. ಕಾಯಂ ನೌಕರಿ, ತಿಂಗಳ ಪಗಾರ, ಇರ್ಲಿಕ್ಕೆ ಖೋಲಿ. ಈ ಹೊಲದ ಬೀಜ ಪಾಸಾಗ್ಲಿ, ಈಕೀನ್ನೇ ತಗೋತೀನಿ. ಏನವಾ, ಬರ್ತೀಯೇನು?"

ಗಂಗವ್ವ ಕಸ್ತೂರಿಯ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಗಂಡನಿಲ್ಲದ ಹೆಂಗಸು, ಮೈದುನನ ಮನೆಯ ಅನ್ನ; ತನ್ನ ದುಡಿಮೆಯ ಮೇಲೆ ತನ್ನ ಹೆಸರಿನ ಒಂದು ಖೋಲಿ ಅಂದರೆ ಅವಳಿಗೆ ಏನಾಗಿರಬೇಕು ಅಂತ ಈಗ ತಿಳಿಯುತ್ತದೆ. ಅವಳು ಮೇಲೆ ಬರಬೇಕಾದದ್ದೆಲ್ಲ ಆ ಬೀಜ ಪಾಸಾಗುವುದರ ಮೇಲೆ ನಿಂತಿತು. ಆ ಬೀಜದಲ್ಲಿ ನನ್ನ ನಾಲ್ಕು ಸಾಲು ಸೇರಿತ್ತು.

ಇನ್ನೂ ಹೊತ್ತು ಮೀರಿರಲಿಲ್ಲ. ದಾರ ಬಿಚ್ಚಿದರೆ ಮುಗಿಯುತ್ತಿತ್ತು. ಆ ಸಂಜೆ ಎಲ್ಲರೂ ಮನೆಯ ಹಾದಿ ಹಿಡಿದ ಮೇಲೆ ಕಸ್ತೂರಿ ಒಬ್ಬಳೇ ಹಿಂದಿರುಗಿ ಬಂದಳು. "ಸಾಹೇಬ್ರ, ಇನ್ನೂ ಬೆಳಕೈತಿ. ನೀವು ಹೂಂ ಅಂದ್ರ ಆ ನಾಕೂ ಸಾಲಿನ ದಾರಾ ಹರದು ಬರ್ತೀನ್ರಿ. ಅಕ್ಕನ ನೌಕರಿ ಮಾತು ಐತಿ" ಅಂದಳು. ನಾನು ಸೈಕಲ್ಲಿನ ಚೈನು ಸರಿ ಮಾಡುತ್ತಿದ್ದೆ. ತಲೆ ಎತ್ತದೆ, "ಹತ್ತು ಗುಂಟೆಯೊಳಗ ನಾಕು ಸಾಲು ಏನು ಮಹಾ. ಆತು ಬಿಡು" ಎಂದೆ. ಅವಳು ತಿರುಗಿ ಹೋದಳು. ಸಾಹೇಬರು ಹೇಳಬೇಡ ಅಂದದ್ದಕ್ಕೆ ಅಕ್ಕನಿಗೂ ಹೇಳಲಿಲ್ಲ.

ನಾಲ್ಕು ಸಾಲು ಏನು ಮಹಾ ಅನ್ನುವುದು ಓದಿದವನ ಅಜ್ಞಾನ. ಕೈಯಿಂದ ಕೂಡಿಸಿದ ಹೂ ಅರ್ಧಕ್ಕರ್ಧ ಉದುರುತ್ತದೆ. ತಾನೇ ಕೂಡಿದ್ದು ಗಟ್ಟಿಯಾಗಿ ಕಾಯಿ ಕಟ್ಟುತ್ತದೆ. ಹೊಲದಲ್ಲೆಲ್ಲ ನನ್ನ ನಾಲ್ಕು ಸಾಲೇ ಭರ್ತಿ ಕಾಯಿ ಹಿಡಿದವು. ಸಂಕ್ರಾಂತಿಯ ಆಚೀಚೆ ಹತ್ತಿ ಬಿಡಿಸುವಾಗ ಆ ಸಾಲುಗಳನ್ನು ನೋಡಿ ಗಂಗವ್ವ, "ಸಾಹೇಬ್ರ ಕೈ ಗುಣಾ ಚಲೋ ಐತಿ, ನಾನs ತಪ್ಪು ತಿಳದಿದ್ದೆ" ಅಂದಳು. ಕಸ್ತೂರಿ ನನ್ನ ಮುಖ ನೋಡಿದಳು. ನಾನು ಚೀಲದ ಬಾಯಿ ಹಿಡಿದು ನಿಂತಿದ್ದೆ. ದಾರವಿದ್ದ ಕಾಯಿಗಳೆಲ್ಲ ಒಂದೇ ರಾಶಿಯಾದವು.

ಬೀಜದ ಮಾದರಿಯನ್ನು ಮುಂದಿನ ಮಳೆಗೆ ಧಾರವಾಡದ ಕಡೆ ಬಿತ್ತಿ ನೋಡಿದರು. ಶ್ರಾವಣ ಮುಗಿಯುವ ಹೊತ್ತಿಗೆ ಕಾಗದ ಬಂತು: ಗಿಡಗಳಲ್ಲಿ ತಾಯಿಯನ್ನೇ ಹೋಲುವವು ಮಿತಿ ಮೀರಿವೆ, ಬೀಜ ತಿರಸ್ಕೃತ, ಕಾರಣ ತಿಳಿಸಿ ಟಿಪ್ಪಣಿ ಕಳಿಸುವುದು. ಶಿವನಗೌಡರು ದೊಡ್ಡ ಮನಸ್ಸಿನವರು. "ಮೊದಲನೇ ವರ್ಷ, ಆಗ್ತಿರ್ತೈತ್ರಿ" ಅಂದು ಸುಮ್ಮನಾದರು. ಟಿಪ್ಪಣಿ ಬರೆಯಬೇಕಾದವನು ನಾನು. ಅದೇ ತಿಂಗಳು ನನ್ನನ್ನು ಕಾಯಂ ಮಾಡುವ ಕಡತವೂ ಮೇಲಧಿಕಾರಿಗಳ ಮೇಜಿನ ಮೇಲಿತ್ತು.

ಎರಡು ದಿನ ಕುಳಿತು ಬರೆದೆ. ಮೊದಲ ಕರಡಿನಲ್ಲಿ ಖರೆ ಸಂಗತಿ ಬರೆದಿದ್ದೆ, ಸುಳ್ಳಲ್ಲ. ಅದನ್ನು ಓದಿ ನೋಡಿದೆ. ಹಬ್ಬದ ದಿನ ಯಾರಿಗೂ ಹೇಳದೆ ಬಾರದ ಕೆಲಸ ಮಾಡಿದ್ದು, ರಜಿಸ್ಟರಿನಲ್ಲಿ ಸುಳ್ಳು ಬರೆದದ್ದು, ತಿಳಿದವಳು ತಿಳಿಸಿದರೂ ಕಟ್ಟಿಸಿದ್ದು. ಹರಿದೆ. ಎರಡನೆಯದರಲ್ಲಿ 'ಮಹಿಳಾ ಕೂಲಿಕಾರರ ನಿಷ್ಕಾಳಜಿಯಿಂದ ಹೀಗಾಗಿರಬಹುದೆಂದು ಕಂಡುಬರುತ್ತದೆ' ಎಂದು ಬರೆದು, ಕೆಳಗೆ ದಪ್ಪ ಸಹಿ ಮಾಡಿ ಕಳಿಸಿದೆ. ಒಳ್ಳೆಯ ಟಿಪ್ಪಣಿ ಅಂತ ಮೇಲಧಿಕಾರಿಗಳು ಮೆಚ್ಚಿದರು. ದಸರೆಯ ಹೊತ್ತಿಗೆ ನಾನು ಕಾಯಂ ಆದೆ. ಫಾರ್ಮಿನ ಮೇಸ್ತ್ರಿಯ ಜಾಗಕ್ಕೆ ಬೇರೆ ಊರಿನ ಒಬ್ಬಳು ಬಂದಳು. ಆ ವರ್ಷದಿಂದ ಸುತ್ತಿನ ಬೀಜದ ಹೊಲಗಳಿಗೆ ಗಂಗವ್ವನ ಗುಂಪನ್ನು ಯಾರೂ ಕರೆಯಲಿಲ್ಲ. ಅವಳು ನನ್ನ ಹತ್ತಿರ ಬಂದು ಒಂದು ಮಾತೂ ಕೇಳಲಿಲ್ಲ. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಎರಡು ವರ್ಷದ ಮೇಲೆ ನನಗೆ ಬಡ್ತಿ ಸಿಕ್ಕು ಕಲಘಟಗಿಗೆ ವರ್ಗವಾಯಿತು. ಹೋಗುವ ಮೊದಲು ಗಂಗವ್ವನಿಗೆ ಎಲ್ಲ ಹೇಳಿಬಿಡಬೇಕೆಂದು ನಿಶ್ಚಯ ಮಾಡಿದೆ. ಅವಳ ಓಣಿಗೆ ಹೋಗುವಾಗ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ. ಮಾತಿಗೆ ನಾನು ಎಂದೂ ಕಡಿಮೆ ಇರಲಿಲ್ಲವಲ್ಲ.

ಮನೆಯ ನಡುವೆ ಹೊಸ ಗೋಡೆ ಎದ್ದಿತ್ತು. ಮಣ್ಣಿನ ಗೋಡೆ, ಆಳೆತ್ತರ, ಮೇಲೆ ತೆರವು. ಈಚೆಗೆ ಗಂಗವ್ವನ ಸಣ್ಣ ಒಲೆ. ಆಚೆಯಿಂದ ಯಾರೋ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅವಳು ಕಂಬಳಿ ಹಾಸಿ ಕೂರಿಸಿ ಚಹಾ ಮಾಡಿಕೊಟ್ಟಳು. ಈಗ ಏನು ಕೆಲಸ ಅಂದೆ. ಕಸ ತೆಗೆಯಲು ಹೋಗುತ್ತೇನೆ ಅಂದಳು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಶುರು ಮಾಡಿದಳು.

"ಸಾಹೇಬ್ರ, ನೌಕರಿ ಹೋದ್ದಕ್ಕ ನಂಗೇನೂ ಇಲ್ರಿ. ಹಣ್ಯಾಗ ಇರಲಿಲ್ಲ, ಬರಲಿಲ್ಲ. ಆದ್ರ ಒಂದ ಮಾತು ನಿಮ್ಮನ್ನ ಕೇಳಬೇಕಂತ ಎರಡ ವರ್ಷದಿಂದ ಕಾಯಾಕತ್ತೀನಿ. ಆ ನಾಕ ಸಾಲು ನೋಡು ಅಂತ ನಾ ಕಸ್ತೂರಿಗೆ ಹೇಳಿದ್ದೆ. ಅಕಿ ನೋಡದನ ಎಲ್ಲಾದಕ್ಕೂ ದಾರಾ ಕಟ್ಟ್ಯಾಳ. ಕೇಳಿದ್ರ, ಸಾಹೇಬ್ರು ಕಟ್ಟು ಅಂದ್ರು, ಅದಕ್ಕ ಕಟ್ಟಿದೆ ಅಂತಾಳ. ತಪ್ಪು ಮಾಡಿ ದೊಡ್ಡವ್ರ ಮ್ಯಾಲ ಹಾಕ್ತೀಯಾ ಅಂತ ನಾ ಅಕಿ ಮ್ಯಾಲ ಕೈ ಮಾಡಿದೆ. ಹನ್ನೆರಡು ವರ್ಷ ಒಂದ ಒಲಿ ಉರಿಸಿದವ್ರು ಬ್ಯಾರೆ ಆದ್ವಿ. ನೀವು ಹಂಗ ಅಂದಿದ್ರೇನ್ರಿ? ಅಂದಿದ್ರ ಅಂದೇನಿ ಅಂತ ಹೇಳ್ರಿ. ನಂಗೇನೂ ಸಿಟ್ಟಿಲ್ಲ. ಈಗಿಂದೀಗ ಹೋಗಿ ಅಕಿ ಕಾಲ ಹಿಡೀತೀನಿ."

ಗೋಡೆಯಾಚೆ ರೊಟ್ಟಿಯ ಸಪ್ಪಳ ನಿಂತಿತು.

ಇದಕ್ಕಿಂತ ಸಲೀಸಾದ ಅವಕಾಶ ಒಬ್ಬ ಮನುಷ್ಯನಿಗೆ ಸಿಗಲಾರದು. 'ಹೌದು' ಎಂಬ ಒಂದು ಮಾತು ಸಾಕಿತ್ತು. ನಾನು ಬಂದದ್ದೇ ಅದಕ್ಕೆ. ಆದರೆ ಆ ಕ್ಷಣ ನನಗೆ ಕಂಡದ್ದು ಗಂಗವ್ವನ ಮುಖವಲ್ಲ. ಈ ಮಾತು ಗೌಡರ ಕಿವಿಗೆ ಬಿದ್ದು, ಅಲ್ಲಿಂದ ಮೇಲಧಿಕಾರಿಗಳ ಕಿವಿಗೆ ಬಿದ್ದು, ಆ ಹಳೆಯ ಟಿಪ್ಪಣಿ ಹೊರಗೆ ಬಂದು, ಕಿಸೆಯಲ್ಲಿದ್ದ ಬಡ್ತಿಯ ಆದೇಶ ವಾಪಸಾಗುವುದು ಕಂಡಿತು. ಹೆದರಿದೆ. ಚಹಾದ ಬಟ್ಟಲನ್ನು ಕೆಳಗಿಟ್ಟೆ.

"ನನಗ ನೆನಪಿಲ್ಲ ಗಂಗವ್ವಾ" ಅಂದೆ.

ಅವಳು ಬಟ್ಟಲು ಎತ್ತಿಟ್ಟಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ, ಆಚೆಗೆ ಕೇಳುವಂತೆ ಜೋರಾಗಿ ಅಂದಳು:

"ಕೇಳಿದೇನ? ಸಾಹೇಬ್ರು ಹಂಗ ಅಂದಿದ್ರ ಅವರಿಗೆ ನೆನಪಿರ್ತಿತ್ತು."

ಆಚೆ ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಯಿತು.